ವಸಡಿನಲ್ಲಿ ರಕ್ತ ಕಂಡರೆ ಬ್ರಶ್ ಬಿಡಬೇಡಿ: ಹೈಸ್ಕೂಲು, ಪಿಯು ಹುಡುಗಿಯರಿಗೆ ಹಲ್ಲಿನ ಕೈಪಿಡಿ

ಹದಿಮೂರು ತುಂಬುವ ಹೊತ್ತಿಗೆ ಹೆಚ್ಚಿನವರ ಬಾಯಲ್ಲಿ ಹಾಲುಹಲ್ಲು ಉಳಿದಿರುವುದಿಲ್ಲ. ಇರುವ 28 ಹಲ್ಲುಗಳೂ ಶಾಶ್ವತ ಹಲ್ಲುಗಳೇ. ಬುದ್ಧಿಹಲ್ಲು ನಾಲ್ಕು, ಬರುವುದಿದ್ದರೆ ಸಾಮಾನ್ಯವಾಗಿ 17ರ ನಂತರ. ಎಂಟನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗಿನ ವರ್ಷಗಳು ಈ ಹಲ್ಲುಗಳಿಗೆ ಕಷ್ಟದ ಕಾಲ. ಹೊಸದಾಗಿ ಹೊರಬಂದ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಜೊಲ್ಲಿನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಹೀರಿಕೊಂಡು ಅದು ನಿಧಾನಕ್ಕೆ ಗಟ್ಟಿಯಾಗಬೇಕು. ಇದೇ ಹೊತ್ತಿಗೆ ಹಾರ್ಮೋನು ಏರುತ್ತದೆ. ಅಮ್ಮ ಹಲ್ಲುಜ್ಜಿದೆಯಾ ಎಂದು ಕೇಳುವುದು ನಿಲ್ಲುತ್ತದೆ, ಬಸ್‌ಸ್ಟ್ಯಾಂಡಿನ ಅಂಗಡಿಯ ತಿಂಡಿ ಶುರುವಾಗುತ್ತದೆ, ಕೆಲವರು ಹಾಸ್ಟೆಲ್ ಸೇರುತ್ತಾರೆ.

ನಮ್ಮ ಮಂಗಳೂರು, ಉಡುಪಿ ಕಡೆ ದಂತವೈದ್ಯರಿಗೇನೂ ಬರವಿಲ್ಲ. ಆದರೂ ಎಷ್ಟೋ ಹುಡುಗಿಯರು ಡೆಂಟಿಸ್ಟ್ ಕುರ್ಚಿ ಹತ್ತುವುದು ರಾತ್ರಿಯಿಡೀ ನಿದ್ದೆಗೆಡಿಸಿದ ನೋವಿನ ಮರುದಿನವೇ. ಅಷ್ಟರಲ್ಲಿ ಸಣ್ಣ ಫಿಲ್ಲಿಂಗ್‌ನಲ್ಲಿ ಮುಗಿಯಬೇಕಿದ್ದ ಹಲ್ಲು ರೂಟ್ ಕೆನಾಲ್‌ಗೆ (ಬೇರಿನೊಳಗಿನ ನರ ತೆಗೆದು ತುಂಬುವ ಚಿಕಿತ್ಸೆಗೆ) ಬಂದಿರುತ್ತದೆ. ಹುಳುಕು ಆರಂಭದಲ್ಲಿ ನೋಯುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ. ಹಾಗಾಗಿ ನೋಡುವುದನ್ನು ಕಲಿಯುವುದೇ ಮೊದಲ ಪಾಠ.

ಕನ್ನಡಿ, ಮೊಬೈಲ್ ಟಾರ್ಚ್, ಐದು ನಿಮಿಷ

ತಿಂಗಳಿಗೊಮ್ಮೆ, ಹಲ್ಲುಜ್ಜಿದ ಮೇಲೆ, ಕೈ ತೊಳೆದುಕೊಂಡು ನೋಡಿ. ಕೆಳತುಟಿಯನ್ನು ಬೆರಳಿನಿಂದ ಕೆಳಕ್ಕೆ ಎಳೆದು ಮೊದಲು ವಸಡು ಗಮನಿಸಿ. ಆರೋಗ್ಯವಾಗಿರುವ ವಸಡು ಹಲ್ಲಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಎರಡು ಹಲ್ಲುಗಳ ನಡುವೆ ಚೂಪಾದ ತ್ರಿಕೋನದಂತೆ ಕಾಣುತ್ತದೆ. ನಮ್ಮಲ್ಲಿ ಅನೇಕರ ವಸಡು ಹುಟ್ಟಿನಿಂದಲೇ ಕಂದು ಅಥವಾ ಕಪ್ಪು ಛಾಯೆಯದು. ಅದು ಚರ್ಮದ ಬಣ್ಣದ ಭಾಗ, ರೋಗವಲ್ಲ. ಅದನ್ನು ಗುಲಾಬಿ ಮಾಡುವ ಪೇಸ್ಟಿಗೆ ದುಡ್ಡು ಸುರಿಯಬೇಡಿ. ಆ ತ್ರಿಕೋನ ಊದಿ ಗುಂಡಗಾಗಿದ್ದರೆ, ಅಂಚು ಕೆಂಪಗೆ ಮಿರಿಮಿರಿ ಮಿಂಚುತ್ತಿದ್ದರೆ ಅದು ವಸಡಿನ ಉರಿಯೂತ. ವಸಡು, ನಾಲಿಗೆ, ಕೆಳರೆಪ್ಪೆಯ ಒಳಭಾಗ ಎಲ್ಲವೂ ಬಿಳಿಚಿಕೊಂಡು, ತುಟಿಯ ಮೂಲೆಗಳು ಒಡೆದು, ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತಿದ್ದರೆ ರಕ್ತಹೀನತೆ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಇದಕ್ಕೇ ಇರುವುದು. ಅದನ್ನು ಊಟದ ನಂತರ ಇಡಿಯಾಗಿ ನುಂಗಿ, ಜಗಿಯಬೇಡಿ. ಕಬ್ಬಿಣಾಂಶ ಹಲ್ಲಿಗೆ ತಗುಲಿದರೆ ಕಪ್ಪು ಕಲೆ ಕೂರುತ್ತದೆ.

ಮುಂದಿನ ಹಲ್ಲುಗಳನ್ನು ಟಿಶ್ಯೂನಲ್ಲಿ ಒರೆಸಿ ಒಣಗಿಸಿ. ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಮಂಕು ಬಿಳಿ ಪಟ್ಟಿ ಕಂಡರೆ ಅದು ಹುಳುಕಿನ ಮೊದಲ ಹಂತ. ಇನ್ನೂ ತೂತು ಬಿದ್ದಿಲ್ಲ. ಫ್ಲೋರೈಡ್ ಪೇಸ್ಟ್ ಸರಿಯಾಗಿ ಬಳಸಿದರೆ, ಪಾಚಿ (ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾಗಳ ಮೆತ್ತನೆಯ ಪದರ) ತೆಗೆಯುತ್ತಿದ್ದರೆ ಇದು ಅಲ್ಲಿಗೇ ನಿಂತು ಮತ್ತೆ ಗಟ್ಟಿಯಾಗಬಲ್ಲದು. ಇಡೀ ಹುಳುಕಿನ ಕಥೆಯಲ್ಲಿ ಡ್ರಿಲ್ ಇಲ್ಲದೆ ಹಿಂದಕ್ಕೆ ಬರಲು ಸಾಧ್ಯವಿರುವ ಹಂತ ಇದೊಂದೇ. ದವಡೆ ಹಲ್ಲಿನ ಮೇಲ್ಭಾಗದ ಗೆರೆಗಳಲ್ಲಿ ಕಪ್ಪು ಕಂಡರೆ ಅದು ಬರೀ ಕಲೆಯೂ ಇರಬಹುದು, ಹುಳುಕೂ ಇರಬಹುದು. ಪಿನ್ನು, ಸೇಫ್ಟಿ ಪಿನ್ನು ಹಾಕಿ ಕೆದಕಿ ನೋಡುವುದು ಬೇಡ, ಮೆದುವಾದ ಎನಾಮಲ್ ಒಡೆದು ನೀವೇ ತೂತು ಮಾಡಿದಂತಾಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯನ್ನು ನಾಲಿಗೆಯಿಂದ ಸವರಿ. ಒರಟಾಗಿ, ಹಳದಿ ಕಿಟ್ಟ (ಗಟ್ಟಿಯಾದ ಪಾಚಿ) ಕಟ್ಟಿದ್ದರೆ ಅದು ಬ್ರಶ್ಶಿಗೆ ಬಗ್ಗುವುದಿಲ್ಲ, ಡೆಂಟಿಸ್ಟ್ ಹತ್ತಿರ ಕ್ಲೀನಿಂಗ್ ಮಾಡಿಸಬೇಕು.

ಕೊನೆಗೆ ಕೆನ್ನೆಯ ಒಳಭಾಗ, ನಾಲಿಗೆಯ ಎರಡೂ ಪಕ್ಕ, ನಾಲಿಗೆಯ ಅಡಿ. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ಡಾಕ್ಟರಿಗೆ ತೋರಿಸಲೇಬೇಕು.

ರಕ್ತ ಏಕೆ ಬರುತ್ತದೆ

ಹದಿಹರೆಯದ ಹುಡುಗಿಯರು ಮಾಡುವ ಅತಿ ಸಾಮಾನ್ಯ ತಪ್ಪು ಇಲ್ಲಿದೆ. ಉಜ್ಜುವಾಗ ರಕ್ತ ಕಾಣುತ್ತದೆ, ಹೆದರಿಕೆಯಾಗುತ್ತದೆ, ಆ ಜಾಗ ಬಿಟ್ಟು ಉಳಿದ ಕಡೆ ಉಜ್ಜುತ್ತಾರೆ. ಬಿಟ್ಟ ಜಾಗದಲ್ಲಿ ಪಾಚಿ ಇನ್ನಷ್ಟು ಕೂರುತ್ತದೆ, ಮರುವಾರ ರಕ್ತ ಇನ್ನೂ ಜಾಸ್ತಿ. ಬ್ರಶ್ ತಾಗಿ ಗಾಯವಾಯಿತು ಎಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಗಾಯ ಅಲ್ಲ. ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳಿಂದ ಊದಿಕೊಂಡ ವಸಡು ಮುಟ್ಟಿದರೆ ಸಾಕು, ರಕ್ತ ಬರುತ್ತದೆ.

1965ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಪ್ರಯೋಗ ಇದನ್ನು ಅನುಮಾನಕ್ಕೆಡೆಯಿಲ್ಲದಂತೆ ತೋರಿಸಿತು. ಆರ್ಹುಸ್ ನಗರದ ದಂತ ಕಾಲೇಜಿನಲ್ಲಿ ವಸಡು ಚೆನ್ನಾಗಿದ್ದ 12 ಮಂದಿ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ನೀವು ಮಾಡಬೇಕಾದ್ದೂ ಅದನ್ನೇ: ಮೆದು ಬ್ರಶ್ಶಿನಲ್ಲಿ, ರಕ್ತ ಬರುವ ಜಾಗದಲ್ಲೇ, ಎರಡು ಹೊತ್ತೂ, ಒಂದೆರಡು ವಾರ. ಮೊದಲ ಮೂರ್ನಾಲ್ಕು ದಿನ ರಕ್ತ ಬಂದೇ ಬರುತ್ತದೆ. ಎರಡು ವಾರ ಕಳೆದರೂ ನಿಲ್ಲದಿದ್ದರೆ ಕಿಟ್ಟ ಗಟ್ಟಿಯಾಗಿದೆ ಎಂದು ತಿಳಿದು ಕ್ಲೀನಿಂಗಿಗೆ ಹೋಗಿ.

ಹುಡುಗಿಯರಲ್ಲಿ ಇದು ಹೆಚ್ಚು ಕಾಣಲು ಹಾರ್ಮೋನು ಕಾರಣ. ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಏರಿದಾಗ ವಸಡಿಗೆ ರಕ್ತದ ಹರಿವು ಹೆಚ್ಚುತ್ತದೆ, ಸ್ವಲ್ಪ ಪಾಚಿಗೂ ವಸಡು ಜೋರಾಗಿ ಊದಿಕೊಳ್ಳುತ್ತದೆ. ಮುಟ್ಟಿಗೆ ಎರಡು-ಮೂರು ದಿನ ಮುಂಚೆ ವಸಡು ಬಿಗಿದಂತಾಗಿ, ಒಂದೆರಡು ಸಣ್ಣ ಹುಣ್ಣೆದ್ದು, ಮುಟ್ಟು ಶುರುವಾದ ಮೇಲೆ ತಾನಾಗಿಯೇ ಇಳಿಯುವುದು ಕೆಲವರಿಗೆ ಪ್ರತಿ ತಿಂಗಳಿನ ಅನುಭವ. ಮುಟ್ಟಿನ ದಿನಾಂಕ ಬರೆದಿಡುವ ಕ್ಯಾಲೆಂಡರಿನಲ್ಲೇ ರಕ್ತ ಬಂದ ದಿನಕ್ಕೊಂದು ಚುಕ್ಕಿ ಇಡಿ. ಎರಡು-ಮೂರು ತಿಂಗಳಲ್ಲಿ ಹೊಂದಿಕೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಡಾಕ್ಟರಿಗೆ ತೋರಿಸಲೂ ಒಳ್ಳೆಯ ದಾಖಲೆ. ಆದರೆ ಹಾರ್ಮೋನಿನ ಮೇಲೆ ಎಲ್ಲ ಹೊರೆ ಹಾಕಿ ಸುಮ್ಮನಿರಬಾರದು, ಪಾಚಿ ಇಲ್ಲದ ಬಾಯಲ್ಲಿ ಹಾರ್ಮೋನು ಅಷ್ಟು ಕಾಟ ಕೊಡುವುದಿಲ್ಲ. ಮುಟ್ಟಿನ ದಿನಗಳಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸಬಾರದೆಂಬ ನಿಯಮವೇನೂ ಇಲ್ಲ. ವಸಡು ತುಂಬ ನೋಯುವವರು ಕ್ಲೀನಿಂಗನ್ನು ಮುಟ್ಟು ಮುಗಿದ ವಾರಕ್ಕೆ ಇಟ್ಟುಕೊಂಡರೆ ಹಾಯೆನಿಸುತ್ತದೆ, ಅಷ್ಟೇ.

ಮೂರು ಸಂದರ್ಭಗಳಲ್ಲಿ ಬ್ರಶ್ ನಂಬಿ ಕೂರಬೇಡಿ. ಏನೂ ತಾಗದೆ ತನ್ನಷ್ಟಕ್ಕೇ ರಕ್ತ ಜಿನುಗುವುದು, ಬೆಳಿಗ್ಗೆ ದಿಂಬಿನ ಮೇಲೆ ಕಲೆ ಇರುವುದು ಒಂದು. ಎರಡನೆಯದು, ವಸಡಿನ ರಕ್ತದ ಜೊತೆಗೆ ಮುಟ್ಟಿನ ಸ್ರಾವ ತೀರಾ ಹೆಚ್ಚಿದ್ದು, ಸಣ್ಣ ಪೆಟ್ಟಿಗೂ ಮೈಮೇಲೆ ನೀಲಿಗಟ್ಟುವುದು; ರಕ್ತ ಹೆಪ್ಪುಗಟ್ಟುವುದರಲ್ಲೇ ತೊಂದರೆ ಇರಬಹುದು, ಹಲ್ಲು ಕೀಳಿಸುವ ಮೊದಲು ಇದನ್ನು ಹೇಳಲೇಬೇಕು. ಮೂರನೆಯದು ನಮ್ಮ ಮಳೆಗಾಲದ್ದು: ಜ್ವರ ಇದ್ದು ವಸಡಿನಲ್ಲಿ ರಕ್ತ ಬಂದರೆ ಡೆಂಗಿಯ ಅಪಾಯದ ಸೂಚನೆ ಆಗಿರಬಹುದು. ಡೆಂಟಿಸ್ಟ್ ಹತ್ತಿರ ಅಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಿ ಪ್ಲೇಟ್‌ಲೆಟ್ ನೋಡಿಸಿ. ಅಂಥ ಜ್ವರದಲ್ಲಿ ಹಲ್ಲುನೋವಿಗೂ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೇನ್, ಆಸ್ಪಿರಿನ್ ಬೇಡ.

ಟ್ಯೂಬಿನ ಹಿಂಬದಿ

ಪೇಸ್ಟ್ ಕೊಳ್ಳುವಾಗ ಮುಂಬದಿಯ ಚಿತ್ರ ಬಿಟ್ಟು ಹಿಂಬದಿ ಓದಿ. ಬೇಕಾದ ಪದ ಎರಡರಲ್ಲಿ ಒಂದು: ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮಾನೋಫ್ಲೋರೋಫಾಸ್ಫೇಟ್. ಫ್ಲೋರೈಡಿನ ಪ್ರಮಾಣ ಹೇಳುವ ಪಿಪಿಎಂ ಎಂಬ ಸಂಖ್ಯೆ 1000ದ ಆಸುಪಾಸಿನಲ್ಲಿದ್ದರೆ ಸಾಕು. ಎಷ್ಟೋ 'ಆಯುರ್ವೇದಿಕ್', 'ನ್ಯಾಚುರಲ್' ಪೇಸ್ಟುಗಳಲ್ಲಿ ಫ್ಲೋರೈಡೇ ಇರುವುದಿಲ್ಲ. ಲವಂಗ, ಬೇವು ಘಮ್ಮೆನ್ನುತ್ತದೆ, ಹುಳುಕು ತಡೆಯುವ ಕೆಲಸ ಅರ್ಧವೇ ಆಗುತ್ತದೆ. ಪಾವಗಡದಂಥ ಬಯಲುಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ ಹಲ್ಲು ಕಂದಾಗುವ ಸುದ್ದಿ ಓದಿ ಇಲ್ಲಿನವರೂ ಫ್ಲೋರೈಡಿಗೆ ಹೆದರುವುದುಂಟು. ಕರಾವಳಿಯ ಬಾವಿನೀರಿನಲ್ಲಿ ಸಾಮಾನ್ಯವಾಗಿ ಅದು ಕಡಿಮೆ. ನಮ್ಮ ಹುಡುಗಿಯರ ಹಲ್ಲಿಗೆ ಫ್ಲೋರೈಡ್ ಸಿಗುವ ಮುಖ್ಯ ದಾರಿ ಪೇಸ್ಟೇ.

ಮಾವಿನೆಲೆ ಮಡಚಿ ಉಜ್ಜುವ ಅಜ್ಜಿಯರ ಪದ್ಧತಿ ಹಲ್ಲಿಗೆ ಹಾನಿಯಲ್ಲ, ಆದರೆ ಹಲ್ಲುಗಳ ಸಂದಿಗೆ ಅದು ತಲುಪುವುದಿಲ್ಲ. ಉಮಿಯ ಮಸಿ, ಇದ್ದಿಲು, ಉಪ್ಪಿನ ಪುಡಿ ಬೇರೆ ವಿಷಯ. ಇವು ಎನಾಮಲನ್ನು ತೇಯುತ್ತವೆ. ರೀಲ್ಸ್ ನೋಡಿ ನಿಂಬೆರಸಕ್ಕೆ ಅಡಿಗೆ ಸೋಡಾ ಸೇರಿಸಿ ಹಚ್ಚಿಕೊಳ್ಳುವುದು ಇನ್ನೂ ಕೆಟ್ಟದ್ದು. ಹುಳಿ ಎನಾಮಲನ್ನು ಮೆದುಮಾಡುತ್ತದೆ, ಪುಡಿ ಅದನ್ನು ಕೆರೆಯುತ್ತದೆ. ಎರಡು ದಿನ ಬೆಳ್ಳಗೆ ಕಂಡದ್ದು ನಿಜವಿರಬಹುದು. ಆದರೆ ಎನಾಮಲ್ ಸವೆದಂತೆ ಅದರಡಿಯ ಹಳದಿ ಡೆಂಟಿನ್ ಹೊರಗೆ ಇಣುಕುತ್ತದೆ, ಐಸ್‌ಕ್ರೀಂ ತಿಂದರೆ ಜುಮ್ಮೆನ್ನಲು ಶುರುವಾಗುತ್ತದೆ, ಹೋದ ಎನಾಮಲ್ ತಿರುಗಿ ಬರುವುದಿಲ್ಲ. ಶಾಶ್ವತ ಹಲ್ಲು ಹಾಲುಹಲ್ಲಿಗಿಂತ ಹಳದಿಯಾಗಿರುವುದೇ ಸಹಜ. ಆ ಬಣ್ಣಕ್ಕೆ ಮದ್ದು ಬೇಕಿಲ್ಲ.

ಉಜ್ಜುವ ಬಗೆ

ಬ್ರಶ್ಶಿನ ಪೊಟ್ಟಣದ ಮೇಲೆ 'ಸಾಫ್ಟ್' ಎಂದಿರಬೇಕು, ತಲೆ ಸಣ್ಣದಿರಬೇಕು. ಎರಡು ದವಡೆ ಹಲ್ಲು ಮುಚ್ಚುವಷ್ಟು ಸಾಕು. ಪೇಸ್ಟ್ ಸುಮಾರು ಒಂದು ಸೆಂಟಿಮೀಟರ್. ಜಾಹೀರಾತಿನಲ್ಲಿ ತೋರಿಸುವ ಉದ್ದನೆಯ ಅಲೆಯಿಂದ ನೊರೆ ಬೇಗ ತುಂಬಿ, ಅರ್ಧ ನಿಮಿಷಕ್ಕೇ ಉಗುಳಬೇಕೆನಿಸುತ್ತದೆ.

ಬ್ರಶ್ಶನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ ಹಿಡಿದಂತೆ ಬೆರಳ ತುದಿಯಲ್ಲಿ ಹಿಡಿಯಿರಿ, ಒತ್ತಡ ತಾನಾಗಿಯೇ ಇಳಿಯುತ್ತದೆ. ಹಲ್ಲು ಮತ್ತು ವಸಡು ಸೇರುವ ಗೆರೆಗೆ ಎಳೆಗಳು 45 ಡಿಗ್ರಿ ಓರೆಯಾಗಿ ತಾಗಬೇಕು: ಮೇಲಿನ ಸಾಲಿಗೆ ಮೇಲ್ಮುಖ, ಕೆಳಗಿನ ಸಾಲಿಗೆ ಕೆಳಮುಖ. ಅಲ್ಲೇ ಇಟ್ಟು ಎರಡು-ಮೂರು ಮಿಲಿಮೀಟರಿನಷ್ಟೇ ಹಿಂದೆ ಮುಂದೆ ಅಲುಗಾಡಿಸಿ, ಹತ್ತು ಸಲ. ಎಳೆಗಳ ತುದಿ ಜಾಗ ಬಿಟ್ಟು ಜಾರಬಾರದು. ನಂತರ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಒಮ್ಮೆ ಗುಡಿಸಿ, ಮುಂದಿನ ಎರಡು-ಮೂರು ಹಲ್ಲಿಗೆ ಹೋಗಿ. ಹೊರಬದಿ ಪೂರ್ತಿ, ಆಮೇಲೆ ಒಳಬದಿ ಪೂರ್ತಿ, ಕೊನೆಗೆ ಜಗಿಯುವ ಮೇಲ್ಮೈ. ಮುಂದಿನ ಹಲ್ಲುಗಳ ಒಳಬದಿಗೆ ಬ್ರಶ್ಶನ್ನು ಉದ್ದುದ್ದ ನಿಲ್ಲಿಸಿ ಉಜ್ಜಬೇಕು. ಬಾಯನ್ನು ನಾಲ್ಕು ಭಾಗ ಮಾಡಿ ಒಂದಕ್ಕೆ 30 ಸೆಕೆಂಡ್ ಕೊಟ್ಟರೆ ಎರಡು ನಿಮಿಷ.

ತಪ್ಪಿಹೋಗುವ ಜಾಗಗಳು ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಮೇಲಿನ ಕೊನೆಯ ದವಡೆ ಹಲ್ಲಿನ ಕೆನ್ನೆ ಬದಿ ಮೊದಲನೆಯದು. ಬಾಯಿ ದೊಡ್ಡದಾಗಿ ತೆರೆದರೆ ದವಡೆಯೆಲುಬು ಅಡ್ಡ ಬಂದು ಬ್ರಶ್ ಹೋಗುವುದೇ ಇಲ್ಲ, ಬಾಯಿ ಅರ್ಧ ಮುಚ್ಚಿ ತೂರಿಸಬೇಕು. ಕೆಳಗಿನ ದವಡೆ ಹಲ್ಲಿನ ನಾಲಿಗೆ ಬದಿ ಇನ್ನೊಂದು. ಬಲಗೈಯವರಿಗೆ ಬಲಗಡೆಯ ಕೋರೆಹಲ್ಲಿನ ತಿರುವು ಮತ್ತೊಂದು. ನಂಬಿಕೆ ಬರದಿದ್ದರೆ ಎರಡು ಚಮಚ ನೀರಿಗೆ ಅಡಿಗೆಗೆ ಬಳಸುವ ಕೆಂಪು ಬಣ್ಣ ಮೂರ್ನಾಲ್ಕು ಹನಿ ಹಾಕಿ, ಉಜ್ಜಿದ ಮೇಲೆ ಅರ್ಧ ನಿಮಿಷ ಬಾಯಲ್ಲಿ ಆಡಿಸಿ ಉಗುಳಿ, ನೀರಿನಲ್ಲಿ ಒಮ್ಮೆ ಮುಕ್ಕಳಿಸಿ ನೋಡಿ. ಪಾಚಿ ಉಳಿದಲ್ಲಿ ಕೆಂಪು ನಿಂತಿರುತ್ತದೆ. ಯುನಿಫಾರ್ಮ್ ಹಾಕಿಕೊಂಡು ಮಾಡಬೇಡಿ, ರಜೆಯ ದಿನ ಮಾಡಿ.

ಉಗುಳಿದ ಮೇಲೆ ಗ್ಲಾಸುಗಟ್ಟಲೆ ನೀರಿನಲ್ಲಿ ಮುಕ್ಕಳಿಸುವುದು ನಮ್ಮ ಅಭ್ಯಾಸ. ಹಾಗೆ ಮಾಡಿದರೆ ಫ್ಲೋರೈಡ್ ಪೂರ್ತಿ ತೊಳೆದು ಹೋಗುತ್ತದೆ. ನೊರೆಯನ್ನು ಚೆನ್ನಾಗಿ ಉಗುಳಿ, ತುಟಿ ಒರೆಸಿಕೊಂಡು ಬಿಟ್ಟುಬಿಡಿ. ಮೊದಲ ವಾರ ಬಾಯಿ ವಿಚಿತ್ರ ಅನ್ನಿಸುತ್ತದೆ, ನಂತರ ರೂಢಿಯಾಗುತ್ತದೆ. ರಾತ್ರಿಯಾದರೂ ಹೀಗೆ ಮಾಡಿ.

ಎರಡು ಹೊತ್ತಿನಲ್ಲಿ ಒಂದನ್ನೇ ಆರಿಸಿಕೊಳ್ಳುವ ಹಣೆಬರಹವಿದ್ದರೆ ರಾತ್ರಿಯದ್ದನ್ನು ಆರಿಸಿಕೊಳ್ಳಿ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ, ಪಾಚಿಯ ಬ್ಯಾಕ್ಟೀರಿಯಾ ಉಂಟುಮಾಡುವ ಹುಳಿಯನ್ನು ತೊಳೆದು ಹಾಕಲು ಬಾಯಲ್ಲಿ ಬೇರೇನೂ ಇಲ್ಲ. ಊಟ ಎಂಟೂವರೆಗೆ ಆಗಿ, ಓದು ಹನ್ನೊಂದರವರೆಗೆ ನಡೆದು, ಪುಸ್ತಕದ ಮೇಲೇ ಕಣ್ಣು ಮುಚ್ಚುವ ಪಿಯು ಹುಡುಗಿಯರಿಗೆ ಒಂದು ಉಪಾಯ: ಮಲಗುವಾಗ ಉಜ್ಜುತ್ತೇನೆ ಎನ್ನದೆ, ಊಟವಾಗಿ ಅರ್ಧ ಗಂಟೆಗೆ ಉಜ್ಜಿಬಿಡಿ. ಆಮೇಲೆ ನೀರು ಬಿಟ್ಟು ಏನೂ ಬೇಡ. ಓದುವಾಗಿನ ಬಿಸ್ಕತ್ತು, ಮಾಲ್ಟ್ ಪುಡಿ ಹಾಕಿದ ಹಾಲು ಎಲ್ಲ ಅದಕ್ಕೆ ಮೊದಲೇ ಮುಗಿಯಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಿನಲ್ಲಿ ಬ್ರಶ್ ಒಣಗುವುದೇ ಇಲ್ಲ. ಪ್ಲಾಸ್ಟಿಕ್ ಟೋಪಿ ಹಾಕಿಟ್ಟರೆ ಬುಡದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಟೋಪಿ ಊರಿಗೆ ಹೋಗುವಾಗ ಮಾತ್ರ. ಉಳಿದಂತೆ ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ, ಎಳೆ ಮೇಲೆ ಮಾಡಿ ನಿಲ್ಲಿಸಿಡಿ. ಹಾಸ್ಟೆಲಿನಲ್ಲಿ ನಾಲ್ಕು ಜನರ ಬ್ರಶ್ ಒಂದೇ ಮಗ್ಗಿನಲ್ಲಿ ತಲೆಗೆ ತಲೆ ತಾಗಿಸಿ ಇಡಬೇಡಿ. ಮಳೆಗಾಲಕ್ಕೆ ಬೆಳಿಗ್ಗೆಗೊಂದು, ರಾತ್ರಿಗೊಂದು ಎಂದು ಎರಡು ಬ್ರಶ್ ಇಟ್ಟುಕೊಂಡರೆ ಪ್ರತಿಯೊಂದಕ್ಕೂ ಒಣಗಲು ಇಡೀ ದಿನ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಬದಲಿಸಿ. ಒಂದೇ ತಿಂಗಳಲ್ಲಿ ಎಳೆಗಳು ಕೆದರಿದರೆ ನೀವು ಒತ್ತಿ ಉಜ್ಜುತ್ತಿದ್ದೀರಿ.

ನಾಲಿಗೆಗೆ ಹಿಂದಿನಿಂದ ಮುಂದಕ್ಕೆ ಎರಡು-ಮೂರು ಸಲ ಹಗುರವಾಗಿ ಎಳೆದರೆ ಸಾಕು. ಓಕರಿಕೆ ಬರುವಷ್ಟು ಹಿಂದಕ್ಕೆ ಹೋಗಬೇಕಿಲ್ಲ.

ಸಂದಿಗೆ ಫ್ಲಾಸ್ ಬೇಕು. ಸುಮಾರು 45 ಸೆಂಟಿಮೀಟರ್ ದಾರ ಕತ್ತರಿಸಿ, ಎರಡೂ ಕೈಯ ನಡುಬೆರಳಿಗೆ ಸುತ್ತಿ, ನಡುವೆ ಎರಡು-ಮೂರು ಸೆಂಟಿಮೀಟರ್ ಮಾತ್ರ ಬಿಗಿಯಾಗಿ ಹಿಡಿಯಿರಿ. ಗರಗಸದಂತೆ ಆಡಿಸುತ್ತ ಸಂದಿಗೆ ಇಳಿಸಿ. ಒಮ್ಮೆಲೇ ಒತ್ತಿದರೆ ವಸಡು ಕುಯ್ಯುತ್ತದೆ, ಆ ನೋವಿಗೇ ಹೆಚ್ಚಿನವರು ಫ್ಲಾಸ್ ಬಿಡುವುದು. ಒಂದು ಹಲ್ಲಿನ ಬದಿಗೆ ದಾರವನ್ನು ಬಾಗಿಸಿ ಅಪ್ಪಿಸಿ ಮೇಲೆ ಕೆಳಗೆ ನಾಲ್ಕೈದು ಸಲ, ಅದೇ ಸಂದಿಯಲ್ಲಿ ಪಕ್ಕದ ಹಲ್ಲಿಗೂ ಹಾಗೇ. ಒಂದೇ ಜಾಗದಲ್ಲಿ ದಾರ ಯಾವಾಗಲೂ ಹರಿಯುತ್ತಿದ್ದರೆ ಅಲ್ಲಿ ಹುಳುಕಿನ ಅಂಚು ಅಥವಾ ಒರಟಾದ ಫಿಲ್ಲಿಂಗ್ ಇರಬಹುದು. ಮೀನಿನ ಮುಳ್ಳು, ಮಾವಿನ ನಾರು ಸಿಕ್ಕಿಕೊಂಡಾಗಲೂ ಹೇರ್‌ಪಿನ್ ಬದಲು ಇದೇ ದಾರ ಬಳಸಿ.

ಏನು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ

ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಾಚಿಯ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತವೆ. ಪಿಎಚ್ (ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿಳಿದರೆ ಎನಾಮಲಿನ ಖನಿಜ ಕರಗಲು ಶುರು. ಜೊಲ್ಲು ಅದನ್ನು ಮತ್ತೆ ಸರಿಪಡಿಸಲು ಅರ್ಧ ಗಂಟೆಯೋ ಹೆಚ್ಚೋ ಬೇಕು. ಮಧ್ಯಾಹ್ನ ಊಟದ ಜೊತೆ ಎರಡು ಲಡ್ಡು ತಿಂದವಳ ಹಲ್ಲು ಒಂದು ಸಲ ಹುಳಿ ಎದುರಿಸುತ್ತದೆ. ಒಂದು ಪೊಟ್ಟಣ ಬಿಸ್ಕತ್ತನ್ನು ಸಂಜೆ ನಾಲ್ಕರಿಂದ ಎಂಟರವರೆಗೆ ಒಂದೊಂದಾಗಿ ಮುಗಿಸಿದವಳ ಹಲ್ಲು ನಾಲ್ಕು ಗಂಟೆ ಹುಳಿಯಲ್ಲೇ ಇರುತ್ತದೆ.

ಹಾಗಾಗಿ ಗಡ್‌ಬಡ್ ಐಸ್‌ಕ್ರೀಂ ತಿನ್ನಿ, ಕೂತು ತಿಂದು ಮುಗಿಸಿ, ನೀರು ಕುಡಿಯಿರಿ. ನಮ್ಮ ಚಿಂತೆ ಇರುವುದು ಹಲ್ಲಿಗೆ ಅಂಟಿಕೊಂಡು ಗಂಟೆಗಟ್ಟಲೆ ಉಳಿಯುವ ಚಾಕಲೇಟು, ಮಾಂಬಳ (ಒಣಗಿಸಿದ ಮಾವಿನ ರಸ), ಚಿಕ್ಕಿ, ಚಾದಲ್ಲಿ ಅದ್ದಿದ ಬಿಸ್ಕತ್ತಿನ ಬಗ್ಗೆ. ದಿನಕ್ಕೆ ನಾಲ್ಕು ಸಲದ ಸಕ್ಕರೆ ಚಾದ ಬಗ್ಗೆ. ಕ್ಲಾಸಿನಲ್ಲಿ ಪಕ್ಕದಲ್ಲಿಟ್ಟು ಗುಟುಕು ಗುಟುಕಾಗಿ ಹೀರುವ ಬಾಟಲಿಯ ಬಗ್ಗೆ. ಕೋಲಾದಲ್ಲಿ ಪ್ರತಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ, ಪಿಎಚ್ 2.5ರ ಸುತ್ತ. ಪುನರ್ಪುಳಿ ಶರಬತ್ತು, ಲಿಂಬೆ ಸೋಡಾ ಕೂಡ ಹಲ್ಲಿನ ಮಟ್ಟಿಗೆ ಹುಳಿ ಮತ್ತು ಸಕ್ಕರೆಯೇ, ಮನೆಯಲ್ಲಿ ಮಾಡಿದ್ದಾದರೂ. ಸಕ್ಕರೆ ಕಡಿಮೆ ಹಾಕಿ ಊಟದ ಜೊತೆ ಕುಡಿಯಿರಿ. ಉಪ್ಪುಖಾರ ಹಚ್ಚಿದ ಅಂಬಟೆ, ನೆಲ್ಲಿಕಾಯಿ, ಹುಣಸೆಯನ್ನು ಕೆನ್ನೆಯಲ್ಲಿಟ್ಟು ಚೀಪುವವರ ಹಲ್ಲು ಆ ಒಂದೇ ಬದಿಯಲ್ಲಿ ಸವೆಯುತ್ತದೆ. ಹುಳಿ ತಿಂದ ತಕ್ಷಣ ಉಜ್ಜಬೇಡಿ. ನೀರಿನಲ್ಲಿ ಮುಕ್ಕಳಿಸಿ, ಅರ್ಧದಿಂದ ಒಂದು ಗಂಟೆ ಕಾಯಿರಿ.

ವಾಂತಿಗೂ ಇದೇ ನಿಯಮ. ಮುಟ್ಟಿನ ಹೊಟ್ಟೆನೋವಿಗೆ ವಾಂತಿಯಾಗುವವರು ಒಂದು ಗ್ಲಾಸ್ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಹಾಕಿ ಮುಕ್ಕಳಿಸಿದರೆ ಹುಳಿ ತಟಸ್ಥವಾಗುತ್ತದೆ. ತೂಕ ಇಳಿಸಲು ತಾವಾಗಿಯೇ ವಾಂತಿ ಮಾಡಿಕೊಳ್ಳುವವರ ಮೇಲಿನ ಮುಂದಿನ ಹಲ್ಲಿನ ಒಳಬದಿ ತೆಳುವಾಗುತ್ತದೆ. ಡೆಂಟಿಸ್ಟ್ ಅದನ್ನು ಗುರುತಿಸಬಲ್ಲರು. ಕೇಳಿದರೆ ಬಚ್ಚಿಡಬೇಡಿ, ಸಹಾಯ ಸಿಗುವ ದಾರಿ ಅಲ್ಲಿಂದಲೇ ತೆರೆದುಕೊಳ್ಳಬಹುದು.

ಅಡಿಕೆಯ ಬಗ್ಗೆ ಒಂದು ಮಾತು, ಇದು ಅಡಿಕೆ ಬೆಳೆಯುವ ಜಿಲ್ಲೆಯಾದರೂ. ಅಡಿಕೆ, ತಂಬಾಕು ಸೇರದಿದ್ದರೂ, ಕ್ಯಾನ್ಸರ್ ಉಂಟುಮಾಡುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಬಣ್ಣದ ಪೊಟ್ಟಣದ ಸಿಹಿ ಸುಪಾರಿಯೂ ಅಡಿಕೆಯೇ. ಅಭ್ಯಾಸ ಮುಂದುವರಿದರೆ ಕೆನ್ನೆಯ ಒಳಭಾಗ ಬಿಳಿಚಿ, ಬಿಗಿದು, ಖಾರ ತಡೆಯದಾಗುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರುತ್ತದೆ. ನಿಮ್ಮದೇ ಮೂರು ಬೆರಳು ಉದ್ದುದ್ದಕ್ಕೆ ಹಲ್ಲುಗಳ ನಡುವೆ ಹಿಡಿಸುತ್ತಿಲ್ಲವಾದರೆ ತೋರಿಸಿ.

ಕ್ಲಿಪ್ ಹಾಕಿಸಿಕೊಂಡವರಿಗೆ

ಹಲ್ಲಿಗೆ ತಂತಿ ಇರುವ ಒಂದೂವರೆ-ಎರಡು ವರ್ಷದಲ್ಲಿ ಹಲ್ಲು ಸಾಲಾಗುತ್ತದೆ, ಜೊತೆಗೆ ಪ್ರತಿ ಬ್ರ್ಯಾಕೆಟ್ (ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸುವ ತುಣುಕು) ಸುತ್ತ ಬಿಳಿ ಚೌಕ ಉಳಿದುಬಿಡುವ ಅಪಾಯವೂ ಇದೆ. ಬ್ರ್ಯಾಕೆಟಿನ ಮೇಲಿನಿಂದ ಬ್ರಶ್ ಕೆಳಕ್ಕೆ ಓರೆ ಮಾಡಿ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಓರೆ ಮಾಡಿ ಒಮ್ಮೆ, ನಂತರ ತಂತಿಯಡಿಗೆ ಸಂದಿಬ್ರಶ್. ಎರಡು ನಿಮಿಷ ಸಾಲದು, ನಾಲ್ಕೈದು ಬೇಕು. ಚಕ್ಕುಲಿ, ಹಲಸಿನ ಚಿಪ್ಸ್, ಕಬ್ಬು, ಮೂಳೆ ಬ್ರ್ಯಾಕೆಟ್ ಕಿತ್ತು ಹಾಕುತ್ತವೆ. ಪೇರಳೆಯನ್ನು ಕಚ್ಚದೆ ಹೋಳು ಮಾಡಿ ತಿನ್ನಿ. ಬ್ರ್ಯಾಕೆಟಿಗೆ ಪಾರದರ್ಶಕ ರಬ್ಬರ್ ಕೇಳುವ ಮೊದಲು ಯೋಚಿಸಿ, ಮೀನುಸಾರಿನ ಅರಶಿನಕ್ಕೆ ಎರಡೇ ದಿನದಲ್ಲಿ ಹಳದಿಯಾಗುತ್ತದೆ. ತಂತಿ ತುದಿ ಕೆನ್ನೆಗೆ ಚುಚ್ಚಿದರೆ ಡಾಕ್ಟರ್ ಕೊಟ್ಟ ಮೇಣವನ್ನು ಕಡಲೆಕಾಳಿನಷ್ಟು ಉರುಟು ಮಾಡಿ, ತಂತಿಯನ್ನು ಒರೆಸಿ ಒಣಗಿಸಿ ಅಂಟಿಸಿ. ಒದ್ದೆಯಿದ್ದರೆ ಅಂಟುವುದಿಲ್ಲ.

ತಂತಿ ತೆಗೆದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡಲು ಕೊಡುವ ರಿಟೈನರ್ ಹಾಕದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಸರಿಯುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಅದರ ಆಕಾರ ಕೆಡುತ್ತದೆ. ಹೋಟೆಲಿನಲ್ಲಿ ಟಿಶ್ಯೂನಲ್ಲಿ ಸುತ್ತಿಟ್ಟರೆ ಟೇಬಲ್ ಒರೆಸುವಾಗ ಕಸದ ಬುಟ್ಟಿಗೆ ಹೋಗುತ್ತದೆ. ಡಬ್ಬಿಯಲ್ಲೇ ಇಡಿ.

ಡಾಕ್ಟರ್ ಹತ್ತಿರ

ನೋವಿಲ್ಲದಿದ್ದರೂ ಆರು ತಿಂಗಳಿಗೊಮ್ಮೆ ತೋರಿಸುವುದು ಒಳ್ಳೆಯದು. ಸರ್ಕಾರಿ, ಅನುದಾನಿತ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 18 ವರ್ಷದವರೆಗಿನವರ ಹಲ್ಲನ್ನೂ ನೋಡುತ್ತದೆ. ಆಗ ಬಾಯಿ ಮುಚ್ಚಿಕೊಂಡು ನಾಚಬೇಡಿ, ಕೊಟ್ಟ ಚೀಟಿ ಮನೆಗೆ ಒಯ್ಯಿರಿ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇವೆ. ಮಣಿಪಾಲ, ದೇರಳಕಟ್ಟೆ, ಸುರತ್ಕಲ್ ಸಮೀಪದ ಮುಕ್ಕ, ಮಂಗಳೂರು ನಗರದಲ್ಲಿ ದಂತ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಉಸ್ತುವಾರಿಯಲ್ಲಿ ಚಿಕಿತ್ಸೆ ಮಾಡುತ್ತಾರೆ, ಪ್ರತಿ ಹಂತವನ್ನೂ ಪರಿಶೀಲಿಸುತ್ತಾರೆ. ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ, ಹೊತ್ತು ಜಾಸ್ತಿ. ಅರ್ಧ ದಿನ ಇಟ್ಟುಕೊಂಡು, ಪರೀಕ್ಷೆ ಹತ್ತಿರವಿಲ್ಲದಾಗ ಹೋಗಿ. 18 ಆಗದವರಿಗೆ ಹಲ್ಲು ಕೀಳುವಂಥ ಚಿಕಿತ್ಸೆಗೆ ಹೆತ್ತವರ ಸಹಿ ಕೇಳುತ್ತಾರೆ, ದೊಡ್ಡವರೊಬ್ಬರು ಜೊತೆಗಿರಲಿ.

ಚೀಟಿ ಓದುವುದು ಕಷ್ಟವಲ್ಲ. ಹಲ್ಲಿಗೆ ಎರಡಂಕಿಯ ಸಂಖ್ಯೆ ಇರುತ್ತದೆ. ಮೊದಲ ಅಂಕಿ ಬಾಯಿಯ ಭಾಗ: ನಿಮ್ಮ ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎರಡನೆಯ ಅಂಕಿ ನಡುಗೆರೆಯಿಂದ ಎಷ್ಟನೆಯ ಹಲ್ಲು ಎಂಬುದು. 36 ಎಂದರೆ ಕೆಳಗಿನ ಎಡಗಡೆಯ ಆರನೆಯದು, ಅಂದರೆ ಆರನೇ ವಯಸ್ಸಿನ ಆಸುಪಾಸಿನಲ್ಲಿ ಬಂದ ಮೊದಲ ದೊಡ್ಡ ದವಡೆ ಹಲ್ಲು. ಅದು ಹಾಲುಹಲ್ಲು, ಬಿದ್ದುಹೋಗುತ್ತದೆ ಎಂದು ಮನೆಯವರು ಅಲಕ್ಷ್ಯ ಮಾಡಿ ಹಾಳಾಗುವುದು ಹೆಚ್ಚಾಗಿ ಈ 36 ಮತ್ತು 46. ಆರ್‌ಸಿಟಿ ಎಂದರೆ ರೂಟ್ ಕೆನಾಲ್, ಓಪಿಜಿ ಎಂದರೆ ಇಡೀ ದವಡೆಯ ಎಕ್ಸ್-ರೇ, 1-0-1 ಎಂದರೆ ಬೆಳಿಗ್ಗೆ ಮತ್ತು ರಾತ್ರಿ, ಎಸ್‌ಒಎಸ್ ಎಂದರೆ ನೋವಿದ್ದರೆ ಮಾತ್ರ.

ಕೇಳಬೇಕಾದ ಪ್ರಶ್ನೆಗಳು: ಯಾವ ಹಲ್ಲು, ಹುಳುಕು ಎಷ್ಟು ಆಳ, ಈಗ ಮಾಡಿಸದಿದ್ದರೆ ಏನಾಗುತ್ತದೆ, ಎಷ್ಟು ಸಲ ಬರಬೇಕು, ಒಟ್ಟು ಎಷ್ಟಾಗುತ್ತದೆ, ದವಡೆ ಹಲ್ಲಿನ ಗೆರೆಗಳಿಗೆ ಸೀಲೆಂಟ್ ಹಾಕಬಹುದೇ. ಸೀಲೆಂಟ್ ಎಂದರೆ ಆಳವಾದ ಗೆರೆಗಳನ್ನು ತೆಳು ಲೇಪದಿಂದ ಮುಚ್ಚುವುದು. ಸೂಜಿಯಿಲ್ಲ, ಡ್ರಿಲ್ ಸಾಮಾನ್ಯವಾಗಿ ಬೇಕಾಗುವುದಿಲ್ಲ, 12-13ರಲ್ಲಿ ಬರುವ ಎರಡನೇ ದವಡೆ ಹಲ್ಲಿಗೆ ಬಹಳ ಉಪಯೋಗ. ಕೇಳದಿದ್ದರೆ ಎಷ್ಟೋ ಸಲ ಪ್ರಸ್ತಾಪವೇ ಆಗುವುದಿಲ್ಲ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಮನೆಯಲ್ಲಿ ಹೇಳಬಹುದು. ಕಿಟ್ಟ ಹೋದಾಗ ಸಂದಿ ಖಾಲಿ ಅನ್ನಿಸುತ್ತದೆ, ಕೆಲವು ದಿನ ತಣ್ಣಗಿನದು ಜುಮ್ಮೆನ್ನುತ್ತದೆ. ಹಲ್ಲನ್ನು ಸಡಿಲ ಮಾಡುವುದು ಒಳಗೆ ಉಳಿದ ಕಿಟ್ಟ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ. ಹೊಗೆ ಹಾಕಿ ಹಲ್ಲಿನಿಂದ ಹುಳು ಉದುರಿಸುವವರು ತೋರಿಸುವ ಹುಳು ನಿಮ್ಮ ಹಲ್ಲಿನಿಂದ ಬಂದದ್ದಲ್ಲ.

ತುರ್ತು

ಹಲ್ಲುನೋವಿಗೆ ಲವಂಗದೆಣ್ಣೆ ಒಂದು ಹನಿ, ಹತ್ತಿಯಲ್ಲಿ, ಹಲ್ಲಿನ ತೂತಿಗೆ ಮಾತ್ರ. ವಸಡಿಗೆ ತಾಗಿದರೆ ಸುಡುತ್ತದೆ. ಮಾತ್ರೆಯನ್ನು ಪುಡಿಮಾಡಿ ವಸಡಿಗೆ ಒತ್ತಿದರೂ ಸುಡುತ್ತದೆ. ಮೆಡಿಕಲ್‌ನಿಂದ ತಂದ ಆ್ಯಂಟಿಬಯೋಟಿಕ್ ಹುಳುಕನ್ನು ವಾಸಿ ಮಾಡುವುದಿಲ್ಲ. ನೋವು ತಾನಾಗಿ ನಿಂತರೆ ಹಲ್ಲು ಸರಿಯಾಯಿತೆಂದಲ್ಲ, ಒಳಗಿನ ನರ ಸತ್ತಿರಬಹುದು. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಆಗದಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ದ್ವಿತೀಯ ಪಿಯುಸಿ ಹೊತ್ತಿಗೆ ಬುದ್ಧಿಹಲ್ಲಿನ ಮೇಲಿನ ಮಾಂಸ ಊದಿ ನೋಯುವುದುಂಟು. ಒಂದು ಗ್ಲಾಸ್ ಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ. ಎರಡು ದಿನದಲ್ಲಿ ಇಳಿಯದಿದ್ದರೆ ತೋರಿಸಿ.

ಥ್ರೋಬಾಲ್, ಕಬಡ್ಡಿ ಆಡುವಾಗ ಶಾಶ್ವತ ಹಲ್ಲು ಬುಡಸಮೇತ ಉದುರಿದರೆ ಗಡಿಯಾರ ನೋಡಿ, ಮೊದಲ ಅರ್ಧ ಗಂಟೆ ಬಹಳ ಮುಖ್ಯ. ಹಲ್ಲನ್ನು ಬಿಳಿ ಭಾಗದಲ್ಲೇ ಹಿಡಿಯಿರಿ, ಬೇರು ಮುಟ್ಟಬೇಡಿ. ಮಣ್ಣಾಗಿದ್ದರೆ ಹತ್ತು ಸೆಕೆಂಡ್ ತಣ್ಣೀರು ಬಿಡಿ. ಉಜ್ಜುವುದು, ಸೋಪು, ಬಟ್ಟೆಯಲ್ಲಿ ಒರೆಸುವುದು ಯಾವುದೂ ಬೇಡ. ಬೇರಿನ ಮೇಲಿರುವ ಜೀವಂತ ಪದರ ಹೋದರೆ ಹಲ್ಲು ಮತ್ತೆ ಅಂಟುವುದಿಲ್ಲ. ಧೈರ್ಯವಿದ್ದರೆ ಅದೇ ಗುಂಡಿಗೆ ಅದೇ ದಿಕ್ಕಿನಲ್ಲಿ ಒತ್ತಿ ಕೂರಿಸಿ, ಕರವಸ್ತ್ರ ಕಚ್ಚಿಕೊಂಡು ಡೆಂಟಿಸ್ಟ್ ಹತ್ತಿರ ಹೊರಡಿ. ಆಗದಿದ್ದರೆ ಹತ್ತಿರದ ಅಂಗಡಿಯಿಂದ ತಣ್ಣನೆಯ ಹಾಲಿನ ಪ್ಯಾಕೆಟ್ ತಂದು ಅದರಲ್ಲಿ ಮುಳುಗಿಸಿ ಒಯ್ಯಿರಿ. ಬೊಂಡದ ನೀರಿನ ಬಗ್ಗೆಯೂ ಪ್ರಯೋಗಗಳು ನಡೆದಿವೆ, ಆದರೆ ಅದು ಹುಳಿ ಗುಣದ್ದು. ಹಾಲು ಸಿಗುವಲ್ಲಿ ಹಾಲೇ ಸರಿ. ಬರೀ ನೀರಿನಲ್ಲಿ ಹಾಕಿಡಬೇಡಿ, ಕಾಗದದಲ್ಲಿ ಸುತ್ತಿ ಒಣಗಿಸಬೇಡಿ. ಹಾಲೂ ಸಿಗದಿದ್ದರೆ ಒಂದು ಸಣ್ಣ ಡಬ್ಬಿಯಲ್ಲಿ ಹಲ್ಲು ಉದುರಿದವಳದೇ ಜೊಲ್ಲು ಉಗುಳಿಸಿ ಅದರಲ್ಲಿಟ್ಟು ಒಯ್ಯಿರಿ.